ಕೊಟ್ಟಿಗೆಯ ಮಗು, ಕಾಲೇಜಿನ ಕೈ

(ತಾಲ್ಲೂಕು ಪಶು ಆಸ್ಪತ್ರೆಯ ಜಗಲಿ. ಹಸು ಕಟ್ಟಿರುವ ನಿವೃತ್ತ ಮೇಷ್ಟ್ರು. ಹೊಸದಾಗಿ ಬಂದ ಪಶುವೈದ್ಯೆ.)

ಮೇಷ್ಟ್ರು: ಒಳಗಿನ ಹಲಗೆ ನೋಡಿದೆ ಡಾಕ್ಟ್ರಮ್ಮ. ಇಲ್ಲಿ ಕೆಲಸ ಮಾಡಿದವರ ಹೆಸರು, ಪದವಿ, ಬಂದ ದಿನ, ಹೋದ ದಿನ ಎಲ್ಲ ಇದೆ. ಯಾರ ಮನೇಲಿ ಕೊಟ್ಟಿಗೆ ಇತ್ತು ಅನ್ನೋದು ಮಾತ್ರ ಇಲ್ಲ. ಸಗಣಿ ಬಾಚದೆ ಬೆಳೆದವರಿಗೆ ದನ ಅರ್ಥವಾಗುತ್ತಾ?

ವೈದ್ಯೆ: ಸರ್ಕಾರಕ್ಕೂ ಅದೇ ಅನುಮಾನ ಮೇಷ್ಟ್ರೇ. ಪಶುವೈದ್ಯಕೀಯ ಓದಿಗೆ ಕೃಷಿಕರ ಮಕ್ಕಳಿಗೆ ಸೀಟು ತೆಗೆದಿಟ್ಟು, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ ಇಟ್ಟಿದೆ. ನಾನು ಆ ಸಾಲಿನವಳಲ್ಲ. ಬೆಂಗಳೂರಿನ ಬಾಡಿಗೆ ಮನೇಲಿ ಬೆಳೆದೆ. ಎಂಬಿಬಿಎಸ್ ಸೀಟು ಸಿಗಲಿಲ್ಲ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಸೇರಿದೆ.

ಮೇಷ್ಟ್ರು: ಬೇರೇನೋ ತಪ್ಪಿ ಹಿಡಿದ ದಾರಿ ಅನ್ನಿ. ಮನಸ್ಸಿಲ್ಲದೆ ಹಿಡಿದ ಕೆಲಸಕ್ಕೆ ಮನಸ್ಸು ಆಮೇಲೆ ಕೂಡಿಕೊಳ್ಳುತ್ತಾ?

ವೈದ್ಯೆ: ನನಗೆ ಅದು ತೋಳಿನಿಂದ ಹತ್ತಿತು. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು. ಗಬ್ಬ ಪರೀಕ್ಷೆ ಕಲಿಸುವಾಗ ಗುರುಗಳು ಮೊದಲು ತಾವೇ ಹಸುವಿನ ಗುದದೊಳಗೆ ಕೈ ಹಾಕಿ, ಕರುಳಿನ ಗೋಡೆಯಾಚೆ ಗರ್ಭಕೋಶ ಹೇಗಿದೆ ಅಂತ ಹೇಳಿ ಸರಿದು ನಿಲ್ಲೋರು. ಆಮೇಲೆ ನನ್ನ ಸರದಿ. ಅವರ ಬೆರಳಿಗೆ ಸಿಕ್ಕಿದ್ದನ್ನು ನಾನು ನೋಡುವ ಹಾಗಿಲ್ಲ. ನನ್ನ ಬೆರಳಿಗೆ ಸಿಕ್ಕಿದ್ದನ್ನು ಅವರಿಗೆ ತೋರಿಸುವ ಹಾಗೂ ಇಲ್ಲ. ಬಹಳ ದಿನ ಬರೀ ಬಿಸಿ, ತೋಳುನೋವು. ಒಮ್ಮೆ ಗರ್ಭಕೋಶದ ಒಂದು ಕೊಂಬು ಇನ್ನೊಂದಕ್ಕಿಂತ ದಪ್ಪಗಿದೆ, ಒಳಗೆ ನೀರಾಡುತ್ತಿದೆ ಅಂತ ತಾನಾಗಿ ತಿಳಿಯಿತು. ಎರಡು ತಿಂಗಳ ಗಬ್ಬ. ಆಮೇಲೆ ಎಂಬಿಬಿಎಸ್ ನೆನಪಾಗಲಿಲ್ಲ.

ಮೇಷ್ಟ್ರು: ಹಾಗಾದರೆ ಹುಟ್ಟಿದ ಮನೆಗೆ ಬೆಲೆಯೇ ಇಲ್ಲವೇ?

ವೈದ್ಯೆ: ಯಾಕಿಲ್ಲ! ದನದ ಮನೆಯಲ್ಲೇ ಬೆಳೆದ ನಮ್ಮ ಆಸ್ಪತ್ರೆಯ ಜಾನುವಾರು ಪರೀಕ್ಷಕರು ಕೊಟ್ಟಿಗೆಗೆ ಕಾಲಿಟ್ಟರೆ ಹಸು ಮೆಲುಕು ನಿಲ್ಲಿಸಲ್ಲ. ನಾನು ಹೋದರೆ ಹಗ್ಗ ಜಗ್ಗುತ್ತೆ. ಆದರೆ ಅದೇ ಮನೆ ಕೆಲವು ಸಲ ಅಡ್ಡ ಬರುತ್ತೆ. ಈದ ಹಸುವಿನ ಕಸ ಬೀಳೋವರೆಗೆ ಕರುವಿಗೆ ಗಿಣ್ಣುಹಾಲು ಕುಡಿಸಬಾರದು ಅಂತಾರಲ್ಲ?

ಮೇಷ್ಟ್ರು: ನಮ್ಮಮ್ಮ ಬಿಡುತ್ತಲೇ ಇರಲಿಲ್ಲ.

ವೈದ್ಯೆ: ರೋಗ ತಡೆಯುವ ಶಕ್ತಿ ಗರ್ಭದಲ್ಲಿ ತಾಯಿಯಿಂದ ಕರುವಿಗೆ ದಾಟಲ್ಲ. ಗಿಣ್ಣಿನಲ್ಲೇ ಬರಬೇಕು. ಕರುಳು ಅದನ್ನು ಇದ್ದ ಹಾಗೇ ಹೀರಿಕೊಳ್ಳೋದು ಸುಮಾರು 24 ಗಂಟೆ. ಮೊದಲ ಕೆಲವು ತಾಸು ಕಳೆದಂತೆ ಅದೂ ಇಳಿಯುತ್ತೆ. ಹೈನಿನ ಮನೆಯಿಂದ ಬಂದ ನನ್ನ ಸಹಪಾಠಿ ಇದನ್ನು ಒಪ್ಪೋಕೆ ಒದ್ದಾಡಿದ. ನನಗೆ ಮರೆಯೋಕೇನೂ ಇರಲಿಲ್ಲ.

ಮೇಷ್ಟ್ರು: ಆದರೂ ಹಸು ಬಾಯಿಬಿಟ್ಟು ಹೇಳಲ್ಲ. ಪುಸ್ತಕ ಏನು ಮಾಡೀತು?

ವೈದ್ಯೆ: ಹೇಳೋರು ನೀವು. ಕತ್ತು ಪಕ್ಕೆಗೆ ತಿರುಗಿಸಿ ಬಿದ್ದ ಹಸು, ತಣ್ಣಗಿನ ಕಿವಿ. ಮನೆಯಾಕೆ 'ನಿನ್ನೆ ಕರು ಹಾಕಿತು, ಕೊಡಗಟ್ಟಲೆ ಹಾಲು' ಅಂದರೆ ಹಾಲುಜ್ವರ ಅಂತ ಅರ್ಧ ತೀರ್ಮಾನ ಅಲ್ಲೇ ಆಯಿತು. ಕ್ಯಾಲ್ಸಿಯಂ ರಕ್ತನಾಳಕ್ಕೆ ನಿಧಾನ ಬಿಡಬೇಕು, ಅವಸರ ಮಾಡಿದರೆ ಹೃದಯ ನಿಲ್ಲಬಹುದು ಅನ್ನೋದು ಪುಸ್ತಕದ್ದು. ಆಕೆಯ ಮಾತು ಕೇಳದೆ ಆ ಬಾಟಲಿ ತೆಗೆಯೋದೇ ತಪ್ಪು.

ಮೇಷ್ಟ್ರು: ಊರಿನ ದನ, ಜನ ಪರಿಚಯವಾಗೋ ಹೊತ್ತಿಗೆ ನಿಮಗೆ ವರ್ಗ. ಹಲಗೆಯಲ್ಲಿ ಇನ್ನೊಂದು ಸಾಲು. ಅದೊಂದು ಬಾಳ್ವೆಯೇ?

ವೈದ್ಯೆ: ದನಗಳ ದೊಡ್ಡರೋಗ ನೋಡಿದ್ದೀರಾ?

ಮೇಷ್ಟ್ರು: ಚಿಕ್ಕಂದಿನಲ್ಲಿ. ಬಾಯಲ್ಲಿ ಹುಣ್ಣು, ನಿಲ್ಲದ ಭೇದಿ. ನಮ್ಮ ಕೊಟ್ಟಿಗೆ ಬರಿದಾಯಿತು.

ವೈದ್ಯೆ: ನಾನು ನೋಡಿಲ್ಲ, ನೋಡೋದೂ ಇಲ್ಲ. 2011ರಲ್ಲಿ ಅದು ಭೂಮಿಯ ಮೇಲಿಂದಲೇ ಹೋಯಿತು ಅಂತ ಘೋಷಿಸಿದರು. ಮನುಷ್ಯ ಪೂರ್ತಿ ಅಳಿಸಿದ ರೋಗ ಸಿಡುಬು ಬಿಟ್ಟರೆ ಅದೊಂದೇ. ಹೆಬ್ಬಾಳದಲ್ಲಿ ಲಸಿಕೆ ತಯಾರಿಸಿದವರು, ಮಂಜುಗಡ್ಡೆಯಲ್ಲಿಟ್ಟು ಹಳ್ಳಿಗೆ ಹೊತ್ತವರು, ನಿಮ್ಮ ಹಲಗೆಯಲ್ಲಿ ಬಂದು ಹೋದವರು, ಯಾರೂ ಒಂದೂರಲ್ಲಿ ನೆಲೆಸಿ ಅದನ್ನು ಗೆಲ್ಲಲಿಲ್ಲ. ಒಬ್ಬರು ಬಿಟ್ಟ ಊರಿನಿಂದ ಇನ್ನೊಬ್ಬರು ಮುಂದುವರಿಸಿದರು. ಅವರ ಕೆಲಸಕ್ಕೆ ಸಾಕ್ಷಿ ಅಂದರೆ ಈಗ ಸಾಯದೆ ಇರೋ ದನ. ಅದನ್ನು ಯಾರು ಲೆಕ್ಕ ಹಿಡೀತಾರೆ?

ಮೇಷ್ಟ್ರು: ಒಪ್ಪಿದೆ. ಆದರೂ ನೀವು ಅಷ್ಟು ವರ್ಷ ಓದಿ ಕಲಿತದ್ದರಲ್ಲಿ ಕಾಲು ಭಾಗ ನಮ್ಮ ಪಕ್ಕದ ಮನೆ ಹುಡುಗಿಗೆ ಹತ್ತನೇ ವಯಸ್ಸಿಗೇ ಗೊತ್ತು. ಈ ಮಾತು ನಾನು ಬಿಡಲ್ಲ.

ವೈದ್ಯೆ: ಬಿಡಬೇಡಿ. ಅವಳಿಗೆ ಪಿಯುಸಿಯಲ್ಲಿ ವಿಜ್ಞಾನ ಓದಿಸಿ. ಗಿಣ್ಣುಹಾಲಿನ ವಿಷಯದಲ್ಲಿ ಅಜ್ಜಿಯ ಎದುರು ನಿಲ್ಲೋ ಧೈರ್ಯ ಇದ್ದರೆ, ಅವಳು ನನಗಿಂತ ಒಳ್ಳೇ ವೈದ್ಯೆ ಆಗ್ತಾಳೆ.