ಲಾರಿ ಹತ್ತಿದವರು, ಡೇರೆ ಹಾಕಿದವರು

"ಬಡವರಿಗೆ ಬುದ್ಧಿ ಇಲ್ಲ ಕಣ್ರೀ, ತಮ್ಮನ್ನ ತುಳಿಯೋನಿಗೇ ಹೋಗಿ ಓಟು ಹಾಕ್ತಾರೆ." ಎಲೆಕ್ಷನ್ ಮುಗಿದ ಮಾರನೇ ದಿನ ಓದಿದವರ ಬಾಯಲ್ಲಿ ಈ ಮಾತು ಬರುತ್ತದೆ. ನಮ್ಮ ಬಾಯಲ್ಲೂ ಬಂದಿದೆ. ಇದು ನ್ಯಾಯದ ಮಾತೇ? ಅಮೆರಿಕದ ಒಂದು ಹಳ್ಳಿಗಾಡಿನ ಕತೆಯನ್ನು ಮುಂದಿಟ್ಟುಕೊಂಡು ಕೇಳಿಕೊಳ್ಳೋಣ.

ಅಲಬಾಮಾ ರಾಜ್ಯದಲ್ಲಿ ಲೌಂಡ್ಸ್ ಎಂಬ ಕೌಂಟಿ ಇದೆ. ಹತ್ತಿ ಬೆಳೆದ ಸೀಮೆ. 1965ರಲ್ಲಿ ಅಲ್ಲಿ ನೂರಕ್ಕೆ 80ರಷ್ಟು ಮಂದಿ ಕಪ್ಪು ಜನ. ಆದರೆ ಆ ವರ್ಷ ಶುರುವಾದಾಗ ಮತದಾರರ ಪಟ್ಟಿಯಲ್ಲಿ ಅವರದು ಒಂದೇ ಒಂದು ಹೆಸರಿರಲಿಲ್ಲ. ನೆಲ ಹೆಚ್ಚುಪಾಲು ಬಿಳಿಯರದು. ಕಪ್ಪು ಜನರಲ್ಲಿ ಬಹಳ ಮಂದಿ ಧಣಿಯ ಹೊಲವನ್ನು ಪಾಲಿಗೆ ಉತ್ತು, ಧಣಿ ಕೊಟ್ಟ ಗುಡಿಸಲಲ್ಲೇ ಮಲಗುತ್ತಿದ್ದರು.

1965ರ ಆಗಸ್ಟಿನಲ್ಲಿ ಮತದಾನ ಹಕ್ಕಿನ ಕಾಯಿದೆ ಬಂತು. ಹಕ್ಕು ಬಂದದ್ದು ಕಾಗದದ ಮೇಲೆ. ಪಟ್ಟಿಗೆ ಹೆಸರು ಬರೆಸಿದವರನ್ನು ಧಣಿಗಳು ಮನೆ ಬಿಡಿಸಿದರು. ಪಾತ್ರೆಪಡಗ, ಮಕ್ಕಳುಮರಿ ಸಮೇತ ಸಂಸಾರಗಳು ಬೀದಿಗೆ ಬಿದ್ದವು. ಆ ವರ್ಷದ ಕೊನೆಗೆ 80ನೇ ನಂಬರಿನ ಹೆದ್ದಾರಿಯ ಪಕ್ಕ, ಕಪ್ಪು ಜನರದೇ ಆದ ಒಂದು ತುಂಡು ನೆಲದಲ್ಲಿ ಡೇರೆಗಳು ಎದ್ದವು. ಅವುಗಳ ಮೇಲೆ ಗುಂಡು ಹಾರಿಸಿದರು. ಡೇರೆಯವರು ಕಾವಲು ಕೂತರೇ ಹೊರತು ಜಾಗ ಬಿಡಲಿಲ್ಲ.

ಅಲ್ಲಿನ ಡೆಮಾಕ್ರಟಿಕ್ ಪಕ್ಷದ ಗುರುತು ಆಗ ಹುಂಜ. ಬಿಳಿಯರ ಮೇಲುಗಾರಿಕೆಯೇ ಅದರ ಘೋಷಣೆಯಾಗಿತ್ತು. ಅದನ್ನು ಬಿಟ್ಟು ಲೌಂಡ್ಸಿನ ಜನ, ಸ್ಟೋಕ್ಲಿ ಕಾರ್ಮೈಕೆಲ್‌ನಂಥ ತರುಣರ ಜೊತೆ ಸೇರಿ ತಮ್ಮದೇ ಪಕ್ಷ ಕಟ್ಟಿದರು. ಓದಲು ಬಾರದವರಿಗೂ ತಿಳಿಯುವ ಗುರುತು ಬೇಕಿತ್ತು: ಕರಿ ಚಿರತೆ. ಆ ಚಿರತೆ 1966ರಲ್ಲೇ ಓಕ್‌ಲೆಂಡ್ ಪಟ್ಟಣದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹೆಸರಾಯಿತು. 1972ರಲ್ಲಿ ಬೊಂಬಾಯಿಯ ದಲಿತ ಪ್ಯಾಂಥರ್ಸ್ ಆ ಹೆಸರನ್ನು ಇಲ್ಲಿಗೆ ತಂದರು. ಅಂದರೆ ಈ ಕತೆ ನಮಗೆ ಪರರದೇನೂ ಅಲ್ಲ.

1966ರ ನವೆಂಬರಿನ ಚುನಾವಣೆಯಲ್ಲಿ ಚಿರತೆ ಸೋತಿತು. ಅಂದು ಧಣಿಗಳು ತಮ್ಮ ಕಪ್ಪು ಆಳುಗಳನ್ನು ಲಾರಿಗೆ ಹತ್ತಿಸಿ ತಂದು ಬಿಳಿಯರಿಗೆ ಓಟು ಹಾಕಿಸಿದ್ದರು.

ಲಾರಿ ಹತ್ತಿದವರನ್ನು ನಾವು ಏನೆಂದು ಕರೆಯೋಣ? ದ್ರೋಹಿಗಳು ಅನ್ನೋಣವೇ? ಸಂಜೆ ಅವರು ಮರಳಬೇಕಾದ ಗುಡಿಸಲು ಧಣಿಯದು. ಮಕ್ಕಳ ಗಂಜಿ ಧಣಿಯ ಕೈಲಿತ್ತು. ಹಾಗಾದರೆ "ಪಾಪ, ಅವರಿಗೇನು ಗೊತ್ತು" ಅನ್ನೋಣವೇ? ಅದೂ ಅವಮಾನವೇ. ಅವರಿಗೆ ಎಲ್ಲ ಗೊತ್ತಿತ್ತು. ಓಟಿನ ಬೆಲೆ ಎಷ್ಟೆಂದು ಡೇರೆಗಳನ್ನು ನೋಡಿಯೇ ತಿಳಿದಿದ್ದರು.

"ಡೇರೆಯವರೂ ಅಷ್ಟೇ ಬಡವರು, ಅವರು ಹೇಗೆ ನಿಂತರು?" ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಅವರ ಧೈರ್ಯಕ್ಕೆ ಕೈ ಮುಗಿಯೋಣ. ಆದರೆ ಆ ಧೈರ್ಯವನ್ನೇ ದೊಣ್ಣೆ ಮಾಡಿ ಲಾರಿಯವರ ಬೆನ್ನಿಗೆ ಬಾರಿಸಬಾರದು. ಡೇರೆಯವರು ಒಬ್ಬಂಟಿಯಾಗಿ ನಿಂತಿರಲಿಲ್ಲ. ಕೆಳಗೆ ತಮ್ಮದೆನ್ನುವ ನೆಲವಿತ್ತು, ಪಕ್ಕದಲ್ಲಿ ಕಾವಲಿಗೆ ಕೂತವರಿದ್ದರು, ಬೆನ್ನಿಗೆ ಸಂಘಟನೆಯಿತ್ತು. ಧೈರ್ಯ ಎದೆಯಲ್ಲಿ ಹುಟ್ಟುತ್ತದೆ ನಿಜ, ಆದರೆ ಅದಕ್ಕೂ ಕಾಲೂರಲು ಜಾಗ ಬೇಕು. ನಾಲ್ಕೇ ವರ್ಷ ಕಳೆದು, 1970ರಲ್ಲಿ, ಅದೇ ಲೌಂಡ್ಸಿನ ಜನ ಜಾನ್ ಹ್ಯೂಲೆಟ್ ಎಂಬ ಕಪ್ಪು ಮುಂದಾಳನ್ನು ಷೆರಿಫ್ ಆಗಿ ಆರಿಸಿದರು. ನಾಲ್ಕು ವರ್ಷದಲ್ಲಿ ಜನಕ್ಕೆ ಹೊಸದಾಗಿ ಬುದ್ಧಿ ಬಂತೇ? ಬುದ್ಧಿ ಮೊದಲೂ ಇತ್ತು. ಬೆನ್ನಿಗೆ ಜನ ಬಂದರು.

ಓಟು ಎಲ್ಲವನ್ನೂ ಕೊಟ್ಟಿತೇ? ಇಲ್ಲ. ಲೌಂಡ್ಸ್ ಇವತ್ತೂ ಬಡ ಸೀಮೆ. ಹುಂಜದ ಕಾಲದ ಆ ಪಕ್ಷ ಬಣ್ಣ ಬದಲಿಸಿ ಕಪ್ಪು ಜನರ ಪಕ್ಷವಾಯಿತು. 2020ರಲ್ಲಿ ಲೌಂಡ್ಸಿನ ನೂರಕ್ಕೆ 70ಕ್ಕೂ ಹೆಚ್ಚು ಓಟು ಅದಕ್ಕೇ ಬಿತ್ತು. ಆದರೂ ಎಷ್ಟೋ ಮನೆಗಳ ಹೊಲಸು ನೀರು ಹಿತ್ತಲಲ್ಲೇ ನಿಲ್ಲುವುದು ತಪ್ಪಲಿಲ್ಲ. ಅದನ್ನು ಸರಿಪಡಿಸಲೆಂದು 2023ರಲ್ಲಿ ಕೇಂದ್ರ ಸರ್ಕಾರ ಮಾಡಿಸಿದ ಒಪ್ಪಂದವನ್ನು 2025ರಲ್ಲಿ ಅದೇ ಕೇಂದ್ರದ ಹೊಸ ಸರ್ಕಾರ ಕೈಬಿಟ್ಟಿತು. ಓಟು ಷೆರಿಫನನ್ನು ಕೊಟ್ಟಿತು, ನೆಲ ಕೊಡಲಿಲ್ಲ.

ಗೆಳೆಯರೇ, ಬಡವ ಯಾರಿಗೆ ಓಟು ಹಾಕಿದ ಎಂದು ಕೇಳುವ ಮೊದಲು, ಅವನು ಯಾರ ನೆಲದ ಮೇಲೆ ನಿಂತು ಹಾಕಿದ ಎಂದು ಕೇಳೋಣ. ಧೈರ್ಯ ಮಾಡು ಎಂದು ಅವನಿಗೆ ಹೇಳುವ ಮೊದಲು, ಧಣಿ ಮನೆ ಬಿಡಿಸಿದ ರಾತ್ರಿ ಅವನ ಮಕ್ಕಳು ಎಲ್ಲಿ ಮಲಗಬೇಕು ಎಂಬುದಕ್ಕೆ ನಮ್ಮ ಹತ್ತಿರ ಉತ್ತರವಿರಬೇಕು. ಡೇರೆ ಹಾಕದವರಿಗೆ ಲಾರಿ ಹತ್ತಿದವರನ್ನು ಬೈಯುವ ಹಕ್ಕಿಲ್ಲ.