ಯಜಮಾನನೇ ಮೊದಲು ವಂದಿಸಿದ (ರೂತಳು 2:4)

 

ನಮ್ಮ ತಲಕಾಡಿನ ಯೌವನಸ್ಥರು ಕೆಲವರು ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ಇಂಟರ್ವ್ಯೂಗೆ ಹೊರಟಿದ್ದಾರೆ. "ಬ್ರದರ್, ಅಲ್ಲಿ ಹೇಗೆ ನಡ್ಕೋಬೇಕು, ಹೇಳ್ಕೊಡಿ" ಅಂದ್ರು. ಹೇಳೋದು ಕಷ್ಟವಲ್ಲ. ಹತ್ತು ನಿಮಿಷ ಮುಂಚೆ ಹೋಗಿ. ಫೋನ್ ಸೈಲೆಂಟ್‌ಗೆ ಹಾಕಿ. ಕೇಳಿ ಒಳಗೆ ಹೋಗಿ, ಹೇಳಿದ ಮೇಲೆ ಕೂತ್ಕೊಳ್ಳಿ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನಿ. ಕೆಲಸ ಸಿಕ್ಕ ಮೇಲೆ ಎಲ್ಲರಿಗೂ ಕೇಳೋ ಹಾಗೆ ಫೋನಲ್ಲಿ ಪ್ರಾರ್ಥನೆ ಮಾಡಬೇಡಿ. ಬೆಳ್ಳಂಬೆಳಗ್ಗೆ ಕೂಗಿ ಹೇಳುವ ಆಶೀರ್ವಾದ ಶಾಪದ ಲೆಕ್ಕಕ್ಕೇ ಹೋಗುತ್ತದೆ ಎಂದು ಜ್ಞಾನೋಕ್ತಿ 27:14ರಲ್ಲಿದೆ. ನಗಬೇಡಿ, ನಮ್ಮ ಮೈಕ್‌ಸೆಟ್‌ಗೂ ಅದು ಅನ್ವಯಿಸುತ್ತೆ.

ಒಬ್ಬ ತಮ್ಮ ಕೇಳಿದ: "ಮನಸ್ಸಲ್ಲಿ ಗೌರವ ಇಲ್ಲದೆ ಬಾಯಲ್ಲಿ ಸರ್ ಅನ್ನೋದು ಕಪಟ ಅಲ್ವಾ?" ಅಷ್ಟಕ್ಕೇ ಕಪಟ ಅನ್ನಲ್ಲ ನಾನು. ಮನಸ್ಸು ಸರಿಯಾಗಲಿ ಅಂತ ಕಾಯ್ತಾ ಕೂತರೆ ಯಾರಿಗೂ ನಮಸ್ಕಾರ ಹೇಳೋಕಾಗಲ್ಲ. ಕಪಟ ಇರೋದು ಬೇರೆ ಕಡೆ. ನನ್ನದೇ ಹೇಳ್ತೀನಿ.

ಒಂದು ಕಂಪನಿಯಲ್ಲಿ ಸೂಪರ್‌ವೈಸರ್ ಆಗಿದ್ದೆ. ಒಂದು ಸೋಮವಾರ ಮ್ಯಾನೇಜರ್‌ಗೆ "ಗುಡ್ ಮಾರ್ನಿಂಗ್ ಸರ್" ಅಂದವನೇ, ಅದೇ ಉಸಿರಲ್ಲಿ, ಬೆನ್ನು ಹಾಕಿ ಗುಡಿಸ್ತಿದ್ದ ಹೆಂಗಸಿಗೆ "ಏಯ್, ಬಾ ಇಲ್ಲಿ, ಇದನ್ನ ಒರೆಸು" ಅಂದೆ. ಅವರು ತಿರುಗಿದ್ರು. ನಮ್ಮ ಸಭೆಯ ಸಿಸ್ಟರ್! ಹಿಂದಿನ ದಿನವಷ್ಟೇ "ಅಮ್ಮಾ, ನನಗೋಸ್ಕರ ಪ್ರಾರ್ಥನೆ ಮಾಡಿ" ಅಂತ ಅವರ ಕೈ ಹಿಡ್ಕೊಂಡಿದ್ದೆ. ಅವರು ಬೇರೇನೂ ಅನ್ನಲಿಲ್ಲ. "ಬಂದೆ ಸಾರ್" ಅಂದ್ರು. ಆ "ಸಾರ್" ಇವತ್ತಿಗೂ ಕಿವಿಯಲ್ಲಿದೆ.

ನಾವು ಪ್ರಾರ್ಥನೆಯಲ್ಲಿ ದೇವರನ್ನೇ "ನೀನು" ಅಂತೀವಲ್ಲ? ಅದು ಮಗುವಿನ ಸಲುಗೆ. ಗೆಳೆಯನಿಗೂ ನೀನು ಅಂತೀವಿ, ಅವನೂ ನಮಗೆ ಹಾಗೇ ಅಂತಾನೆ. ಆದರೆ ಆ ಸಿಸ್ಟರ್ ನನಗೆ ತಿರುಗಿ "ಏಯ್, ಬಾ ಇಲ್ಲಿ" ಅನ್ನೋ ಹಾಗಿರಲಿಲ್ಲ. ಅಂದಿದ್ದರೆ ಮಾರನೇ ದಿನ ಕೆಲಸ ಇರ್ತಿರಲಿಲ್ಲ. ಅದು ಸಲುಗೆಯಲ್ಲ, ದರ್ಪ. ಊರಲ್ಲಿ ಯಾರು ಯಾರನ್ನ ಏಕವಚನದಲ್ಲಿ ಕರೀತಾರೆ ಅಂತ ಕೇಳಿಸ್ಕೊಂಡ್ರೆ ಸಾಕು, ಜಾತಿ ಯಾವುದು, ಜಮೀನು ಯಾರದು ಎರಡೂ ಗೊತ್ತಾಗುತ್ತೆ. ಮೊಮ್ಮಗನ ವಯಸ್ಸಿನ ಹುಡುಗನಿಂದ ಹೆಸರು ಹಿಡಿದು ಕರೆಸಿಕೊಂಡವರು ಇಲ್ಲೇ ಕೂತಿದ್ದೀರಿ. ಕರೆಯೋ ಮಾತಲ್ಲೇ ಸ್ವರ್ಗ ನರಕ ಇದೆ ಅಂತ ಬಸವಣ್ಣನವರು 12ನೇ ಶತಮಾನದಲ್ಲೇ ಎಚ್ಚರಿಸಿದ್ದರು.

ಈಗ ರೂತಳು 2:4 ತೆಗೆಯಿರಿ. ಬೋವಜನು ಹೊಲದ ಯಜಮಾನ. ಜವೆಗೋಧಿ ಕೊಯ್ಲು ನಡೀತಿದೆ, ಅವನು ಬೇತ್ಲೆಹೇಮಿನಿಂದ ಬರ್ತಾನೆ. ಮೊದಲು ಬಾಯಿ ತೆರೆಯೋನು ಅವನೇ. ದೇವರು ನಿಮ್ಮ ಸಂಗಡ ಇರಲಿ ಅಂತ ಕೊಯ್ಯುವವರನ್ನ ಹರಸ್ತಾನೆ. ಅವರೂ ತಿರುಗಿ ಅವನನ್ನ ಹರಸ್ತಾರೆ. ಹೋದ ಮಾತು ಹಿಂದಕ್ಕೆ ಬಂತು, ನೋಡಿ. ಊಟದ ಹೊತ್ತಿಗೆ ಮೋವಾಬಿನ ವಿಧವೆ ರೂತಳನ್ನ ಹತ್ತಿರ ಕರೆದು ಹುರಿದ ತೆನೆ ಕೊಡ್ತಾನೆ. ನಮ್ಮ ಭತ್ತದ ಕೊಯ್ಲಲ್ಲಿ ಕೂಲಿಯವರನ್ನ ಊಟಕ್ಕೆ ಎಲ್ಲಿ ಕೂರಿಸ್ತಾರೆ, ಯಾವ ಲೋಟದಲ್ಲಿ ನೀರು ಕೊಡ್ತಾರೆ, ನಿಮಗೇ ಗೊತ್ತು.

ಆ ಸಿಸ್ಟರ್ ಹತ್ರ ಕ್ಷಮೆ ಕೇಳೋಕೆ ನನಗೆ ಮೂರು ವಾರ ಬೇಕಾಯ್ತು. ಸಭೆಯಲ್ಲಿ ಕೇಳೋದು ಸುಲಭ. ಅಂದದ್ದು ಕಂಪನಿಯಲ್ಲಿ, ಎಲ್ಲರ ಎದುರು. ಅಲ್ಲೇ ಕೇಳಬೇಕಿತ್ತು. ಕೊನೆಗೆ ಕೇಳಿದೆ. "ಬಿಡಪ್ಪ" ಅಂದ್ರು.

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಇಂಟರ್ವ್ಯೂ ಅಭ್ಯಾಸ ಇದೆ. ಮ್ಯಾನೇಜರ್ ಕುರ್ಚಿಯಲ್ಲಿ ಆ ಸಿಸ್ಟರ್ ಕೂರ್ತಾರೆ. ಗೇಟಲ್ಲಿ ವಾಚ್‌ಮನ್ ಆಗಿ ನಾನು ನಿಂತಿರ್ತೀನಿ. ಈಗ ಎದ್ದು ನಿಲ್ಲೋಣ, ಪ್ರಾರ್ಥಿಸೋಣ.