ಬೆಲ್ಲದ ಬಣ್ಣ, ಇಂಗಿನ ವಾಸನೆ

ದಿನಸಿಯ ಗುಣವನ್ನು ನಿರ್ಣಯಿಸುವುದು ಕಣ್ಣು ಮೂಗುಗಳ ಕೆಲಸವೆಂದೇ ನಾವು ತಿಳಿದಿದ್ದೇವೆ. ಅಕ್ಕಿಯನ್ನು ಅಂಗೈಯಲ್ಲಿ ಉಜ್ಜಿ ನೋಡುತ್ತೇವೆ, ಕಾಫಿಪುಡಿಯನ್ನು ಮೂಸುತ್ತೇವೆ. ಇದರಲ್ಲಿ ನೀತಿಯ ಪ್ರಶ್ನೆ ಎಲ್ಲಿಂದ ಬಂತು ಎಂದು ಓದುಗರು ಕೇಳಬಹುದು. ಕೊಳ್ಳುವವನು ಪರೀಕ್ಷಕ, ಮಾರುವವನು ಪರೀಕ್ಷೆಗೆ ಕುಳಿತವನು. ಮೋಸವೇನಾದರೂ ಇದ್ದರೆ ಅದು ಆ ಕಡೆಯದು ಎಂಬುದು ನಮ್ಮ ಸಮಾಧಾನ. ಈ ಸಮಾಧಾನ ಅಷ್ಟು ಗಟ್ಟಿಯಾದುದಲ್ಲ.

ಬೆಲ್ಲವನ್ನೇ ನೋಡಿ. ಮಂಡ್ಯದ ಕಡೆಯ ಆಲೆಮನೆಗಳಲ್ಲಿ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕಾಯುವಾಗ ಅದರ ಹೊಲಸು ನೊರೆಯಾಗಿ ಮೇಲೇಳಲೆಂದು ಬೆಂಡೆ ಗಿಡದ ಲೋಳೆಯನ್ನೋ ಸುಣ್ಣವನ್ನೋ ಹಾಕುವುದು ಹಳೆಯ ಪದ್ಧತಿ. ಹಾಗೆ ಇಳಿದ ಬೆಲ್ಲ ಸಾಮಾನ್ಯವಾಗಿ ಕಂದು ಬಣ್ಣದ್ದು. ಪೇಟೆಯ ಗಿರಾಕಿಗೆ ಬೇಕಾದದ್ದಾದರೋ ಹೊನ್ನಿನ ಬಣ್ಣದ ಅಚ್ಚು. ಅದಕ್ಕಾಗಿ ಸೋಡಿಯಂ ಹೈಡ್ರೋಸಲ್ಫೈಟ್ ಎಂಬ, ಬಟ್ಟೆಯ ಬಣ್ಣ ತೆಗೆಯಲು ಬಳಸುವ ಪುಡಿ ಕೊಪ್ಪರಿಗೆಗೆ ಬೀಳುತ್ತದೆ. ಆ ಹೊಳಪು ಕೆಲಕಾಲದಲ್ಲೇ ಮಾಸುತ್ತದೆ. ಗಂಧಕದ ಅಂಶ ಬೆಲ್ಲದಲ್ಲಿ ಉಳಿದುಬಿಡುತ್ತದೆ. ಇದು ಯಾರ ಪಾಪ? ಪುಡಿ ಹಾಕಿದವನದು, ನಿಜ. ಆದರೆ ಅವನು ಕಂದು ಬೆಲ್ಲ ತಂದಾಗ ಅದನ್ನು ಕೀಳೆಂದು ಬದಿಗೆ ಸರಿಸಿದ ಕಣ್ಣು ನಮ್ಮದು. ನಮ್ಮ ತೀರ್ಪನ್ನು ಕಲಿತೇ ಅವನು ಕಲಬೆರಕೆಯನ್ನು ಕಲಿತ. (ಈಗೀಗ ಕಪ್ಪು ಬೆಲ್ಲವೇ ಶ್ರೇಷ್ಠವೆಂಬ ಮಾತು ಹಬ್ಬಿದೆ. ಕಪ್ಪು ಬಣ್ಣ ಬೆರೆಸುವವನೊಬ್ಬ ಹುಟ್ಟಿಕೊಂಡರೆ ನನಗಂತೂ ಆಶ್ಚರ್ಯವಾಗದು.)

ಇಂಗಿನ ಸಂಗತಿ ಇನ್ನೂ ತೊಡಕಿನದು. ನಮ್ಮ ಸಾರಿಗೆ ಇಷ್ಟು ಆಪ್ತವಾದ ಈ ವಸ್ತು ನಮ್ಮ ನೆಲದ್ದಲ್ಲ. ಆಫ್ಘಾನಿಸ್ತಾನ, ಇರಾನ್, ಉಜ್ಬೆಕಿಸ್ತಾನಗಳಲ್ಲಿ ಬೆಳೆಯುವ ಗಿಡವೊಂದರ ಬೇರನ್ನು ಕೊಯ್ದಾಗ ಒಸರುವ ಹಾಲು ಗಟ್ಟಿಯಾಗಿ ಇಂಗಾಗುತ್ತದೆ. ವರ್ಷಕ್ಕೆ ಸುಮಾರು 1,200 ಟನ್ ಹಸಿ ಇಂಗನ್ನು ನಾವು ತರಿಸುತ್ತಿದ್ದೆವು. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಅದರ ಸಸಿ ನೆಟ್ಟದ್ದು 2020ರಲ್ಲಿ. ಹಸಿ ಇಂಗಿನ ಘಾಟು ಅಡಿಗೆಗೆ ತಡೆಯುವಂಥದ್ದಲ್ಲ. ಆದ್ದರಿಂದ ಮೈದಾ ಅಥವಾ ಅಕ್ಕಿಹಿಟ್ಟು, ಜಾಲಿ ಜಾತಿಯ ಮರದ ಅಂಟು ಸೇರಿಸಿ ಅದನ್ನು ಹದಗೊಳಿಸಿ ಮಾರುತ್ತಾರೆ. ಕಾನೂನೂ ಇದನ್ನು ಒಪ್ಪಿದೆ. ಹಾಗಿದ್ದರೆ ‘ಅಪ್ಪಟ ಇಂಗು ಕೊಡಿ’ ಎನ್ನುವವನು ತನಗೆ ಬೇಡವಾದದ್ದನ್ನೇ ಕೇಳುತ್ತಿದ್ದಾನೆ! ಬೆರಕೆ ಎಂಬುದೇ ದೋಷವಲ್ಲ. ಬೆರಸಿದ್ದನ್ನು ಹೇಳದಿರುವುದು ದೋಷ.

ಹೇಳದಿದ್ದರೆ ಕೆಡುವುದೇನು? ನಮ್ಮಲ್ಲಿ ಬಹುಮಂದಿಗೆ ಏನೂ ಇಲ್ಲ. ಆದರೆ ಸೀಲಿಯಾಕ್ ಎಂಬ ಕಾಯಿಲೆಯ ಮಗುವಿಗೆ ಗೋಧಿಯ ಅಂಶ ಸ್ವಲ್ಪ ಹೊಟ್ಟೆಗೆ ಹೋದರೂ ಕರುಳು ಕೆಡುತ್ತದೆ. ಇಂಗಿನ ಘಾಟಿನ ಕೆಳಗೆ ಅಡಗಿದ ಮೈದಾವನ್ನು ಯಾವ ತಾಯಿಯ ಮೂಗೂ ಹಿಡಿಯಲಾರದು. ಬೆಲ್ಲದಲ್ಲಿ ನಮ್ಮ ಪರೀಕ್ಷೆ ವಸ್ತುವನ್ನು ಕೆಡಿಸಿತು. ಇಲ್ಲಿ ಪರೀಕ್ಷೆಯೇ ಕೈಸೋತಿದೆ. ಉಳಿದಿರುವುದು ಇನ್ನೊಬ್ಬನ ಮಾತು ಮಾತ್ರ. ಡಬ್ಬಿಯ ಮೇಲಾದರೆ ಸಣ್ಣಕ್ಷರದಲ್ಲಾದರೂ ಅದು ಅಚ್ಚಾಗಿರಬೇಕು. ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟ ಇಂಗಿಗೆ ಅಂಗಡಿಯವನ ನಾಲಗೆಯೇ ಚೀಟಿ. ಆ ತಾಯಿ ‘ಇದರಲ್ಲಿ ಯಾವ ಹಿಟ್ಟು ಸೇರಿದೆಯಪ್ಪ?’ ಎಂದು ಕೇಳಿದಾಗ ‘ತಿಳಿಯದು ತಾಯಿ, ಬೇರೆ ಕಡೆ ವಿಚಾರಿಸಿ’ ಎಂದವನು ಒಂದು ವ್ಯಾಪಾರ ಕಳೆದುಕೊಳ್ಳುತ್ತಾನೆ. ಪಕ್ಕದಲ್ಲಿ ನಿಂತು ಅದನ್ನು ಕೇಳಿಸಿಕೊಂಡ ನಾವು ನಮ್ಮ ಇಂಗನ್ನು ಅವನಲ್ಲೇ ಕಟ್ಟಿಸಿಕೊಳ್ಳುತ್ತೇವೆಯೆ, ಅಥವಾ ‘ಅಪ್ಪಟ ಮಾಲು ಸ್ವಾಮಿ’ ಎನ್ನುವ ಎದುರಂಗಡಿಗೆ ದಾಟುತ್ತೇವೆಯೆ?